ಕಾಲಿದ್ದೋರ್ಗೆ ವೈಸ್ ಯಾಕ್ ಸಾ?

ಬಡಗಿ ಕೆಲಸ ಮಾಡುವವರಲ್ಲಿ ಲೋಕದ ಮೇಲೆ ಎರಡೇ ಪಂಥ. ನಿಂತು ಮಾಡುವವರದೊಂದು, ಕೂತು ಮಾಡುವವರದೊಂದು. ನಿಂತು ಮಾಡುವವರಿಗೆ ಸೊಂಟದೆತ್ತರದ ಬೆಂಚು ಬೇಕು. ಬೆಂಚಾದ ಮೇಲೆ ಹಲಗೆಯನ್ನು ಕಚ್ಚಿ ಹಿಡಿಯಲು ವೈಸ್ ಬೇಕು. ವೈಸಾದ ಮೇಲೆ ಅದನ್ನು ಬಿಗಿಯಲು ತಿರುಪು ಬೇಕು. ತಿರುಪು ಅಂದ ಮೇಲೆ ಅದರ ಸುತ್ತು ಕೊರೆಯುವ ಹತಾರ ಬೇಕು. ಕೂತು ಮಾಡುವವರಿಗೆ ನೆಲ ಸಾಕು. ನಮ್ಮ ದೇಶದ ಬಡಗಿಗಳು ತಲತಲಾಂತರದಿಂದ ಕೂತು ಮಾಡುವ ಪಂಥದವರು. ಪಾಂಡವಪುರ ತಾಲ್ಲೂಕಿನ ನಮ್ಮ ಕ್ಯಾತನಹಳ್ಳಿಯ ಆಚಾರ್ರನ್ನು ಆ ಪಂಥದ ಪೀಠಾಧಿಪತಿ ಅಂದರೂ ತಪ್ಪಿಲ್ಲ.

ಅವರು ಕೆಲಸಕ್ಕೆ ಕೂರುವುದೇ ಒಂದು ನೋಟ. ಹಲಗೆಯ ಒಂದು ತುದಿಯನ್ನು ಗೋಡೆಗೆ ಒತ್ತುತ್ತಾರೆ. ಇನ್ನೊಂದು ತುದಿಯನ್ನು ಎಡಗಾಲಿನ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಸಿಗಿಸಿ, ಹಿಮ್ಮಡಿಯಲ್ಲಿ ಅದುಮುತ್ತಾರೆ. ಆಮೇಲೆ ಬಾಚಿ ಬೀಸುತ್ತಾರೆ. ಬಾಚಿಯ ಬಾಯಿ ಹೆಬ್ಬೆರಳಿನ ಹತ್ತಿರಕ್ಕೆ ಬಂದು, ಚಕ್ಕೆ ಹಾರಿಸಿ, ವಾಪಸು ಹೋಗುತ್ತದೆ. ನೋಡುತ್ತ ನಿಂತವರು ತಮ್ಮ ಚಪ್ಪಲಿಯೊಳಗೆ ಬೆರಳು ಮಡಿಸಿಕೊಳ್ಳುತ್ತಾರೆ. ಆಚಾರ್ರ ಹತ್ತು ಬೆರಳೂ ನೆಟ್ಟಗಿವೆ. ಹಲಗೆ ತಿರುವಬೇಕೆಂದರೆ ಕಾಲು ತಾನಾಗಿ ತಿರುಗುತ್ತದೆ, ಬಿಗಿ ಹೆಚ್ಚಬೇಕೆಂದರೆ ಹೆಚ್ಚುತ್ತದೆ, ಎದ್ದು ಟೀ ಕುಡಿಯಲು ಹೊರಟರೆ ವೈಸೂ ಜೊತೆಗೆ ಎದ್ದು ಹೊರಡುತ್ತದೆ. ಇಂಥ ಸೌಕರ್ಯವಿರುವ ವೈಸನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.

ಹಾಗಾಗಿ, ‘ಆಚಾರ್ರೇ, ನಾನೊಂದು ಮರದ ವೈಸ್ ಮಾಡಬೇಕು ಅಂತಿದೀನಿ, ಅದಕ್ಕೆ ಮರದ್ದೇ ತಿರುಪು. ಸುತ್ತು ಕೊರೆಯೋಕೆ ಯಾವ ಹತಾರ ತಗೊಂಡ್ರೆ ಒಳ್ಳೇದು?’ ಎಂದು ನಾನು ಕೇಳಿದಾಗ ಅವರು ಬೀಡಿಯನ್ನು ಬಾಯಿಂದ ತೆಗೆದು, ನನ್ನ ಮುಖವನ್ನಲ್ಲ, ನನ್ನ ಕಾಲನ್ನು ನೋಡಿದರು.

‘ಕಾಲಿದ್ದೋರ್ಗೆ ವೈಸ್ ಯಾಕ್ ಸಾ?’

ಕಾಲಿದೆ, ಮಂಡಿ ಇಲ್ಲ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ನಿಂತೇ ವಿಜ್ಞಾನ ಪಾಠ ಮಾಡಿದ ಮಂಡಿ ನಿವೃತ್ತಿಯಾದ ಮೇಲೆ ತನ್ನ ಪಿಂಚಣಿ ಕೇಳತೊಡಗಿದೆ. ನೆಲಕ್ಕೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಕೂರುವುದಕ್ಕೆ ನನಗೇನೂ ಕಷ್ಟವಿಲ್ಲ, ಏಳಿಸುವುದಕ್ಕೆ ಇಬ್ಬರು ಬೇಕು. ಹಸು ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯಲ್ಲಿ ಸಣ್ಣಪುಟ್ಟ ಮರಗೆಲಸ ಮಾಡಿಕೊಂಡಿರೋಣ ಎಂಬ ಆಸೆಯಿರುವವನು ಅನಿವಾರ್ಯವಾಗಿ ನಿಂತು ಮಾಡುವ ಪಂಥಕ್ಕೆ ಮತಾಂತರವಾಗಲೇಬೇಕು. ಮತಾಂತರವಾದ ಮೇಲೆ ಹೊಸ ಮತದ ಮಡಿ ಮೈಲಿಗೆಯೆಲ್ಲ ನಮಗೇ ಹೆಚ್ಚಾಗುವುದು ಲೋಕಾರೂಢಿ. ಕಬ್ಬಿಣದ ವೈಸ್ ಅಂಗಡಿಯಲ್ಲಿ ಸಿಗುತ್ತದೆ ಎಂದು ಗೊತ್ತಿದ್ದೂ, ಮರದ ತಿರುಪೇ ಆಗಬೇಕೆಂದು ನಾನು ಹಟ ಹಿಡಿದದ್ದಕ್ಕೆ ಅದೇ ಕಾರಣ.

ಹಟಕ್ಕೆ ಇತಿಹಾಸದ ಬೆಂಬಲವೂ ಇದೆ. ಆಂದ್ರೆ ರೂಬೋ ಎಂಬ ಫ್ರೆಂಚ್ ಬಡಗಿ ಬಡಗಿತನದ ಮೇಲೆ ಒಂದು ದೊಡ್ಡ ಗ್ರಂಥ ಬರೆದ. ಅದರ ಮೊದಲ ಭಾಗ ಹೊರಬಂದದ್ದು 1769ರಲ್ಲಿ. ಆತ ಚಿತ್ರಿಸಿದ ಬೆಂಚನ್ನು ಇವತ್ತಿಗೂ ಲೋಕದ ಹವ್ಯಾಸಿ ಬಡಗಿಗಳೆಲ್ಲ ಆತನ ಹೆಸರಿನಿಂದಲೇ ಕರೆದು ಪೂಜಿಸುತ್ತಾರೆ. ಅದೇ 1769ರಲ್ಲಿ ನಮ್ಮ ಹೈದರಾಲಿ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಇಂಗ್ಲಿಷರ ಕೈಲಿ ಒಪ್ಪಂದ ಬರೆಸಿಕೊಂಡಿದ್ದ. ಹೈದರಾಲಿ, ಟಿಪ್ಪು ಇಬ್ಬರ ಸೇನೆಯಲ್ಲೂ ಫ್ರೆಂಚರಿದ್ದರು. ಅವರ ಬಿಡಾರ ಇದ್ದದ್ದು ನಮ್ಮ ಪಾಂಡವಪುರದ ಗುಡ್ಡದ ಮಗ್ಗುಲಲ್ಲಿ. ಅದರಿಂದಲೇ ಇಂಗ್ಲಿಷರ ಕಾಗದಪತ್ರದಲ್ಲಿ ಈ ಊರಿಗೆ ಫ್ರೆಂಚ್ ರಾಕ್ಸ್ ಎಂದು ಹೆಸರು ಬಿತ್ತು. ಅಷ್ಟು ಮಂದಿ ಬಂದು ಹೋದವರಲ್ಲಿ ಒಬ್ಬನಾದರೂ ಒಂದು ಮರದ ವೈಸನ್ನು ಇಲ್ಲಿ ಮರೆತು ಹೋಗಿದ್ದರೆ ನನಗೆ ಇಷ್ಟು ಪಾಡು ಇರುತ್ತಿರಲಿಲ್ಲ. ಫಿರಂಗಿ ಕಲಿಸಿದರು, ಕವಾಯತು ಕಲಿಸಿದರು. ತಿರುಪು ಮಾತ್ರ ಗಂಟು ಕಟ್ಟಿಕೊಂಡು ಹೋದರು.

ನಮ್ಮ ಕಡೆಯ ಮರಗೆಲಸದಲ್ಲಂತೂ ತಿರುಪಿಗೆ ಜಾಗವೇ ಇಲ್ಲ. ನಮ್ಮದು ಬೆಣೆಯ ನಾಡು. ನೇಗಿಲ ಈಚವನ್ನು ಬಿಗಿಯುವುದು ಬೆಣೆ. ಗುದ್ದಲಿಯ ಕಾವು ಸಡಿಲವಾದರೆ ಬೆಣೆ. ಗಾಡಿಯ ಚಕ್ರ ಅಚ್ಚಿನಿಂದ ಹೊರಬಾರದಂತೆ ಕಡಾಣಿ. ಬಾಗಿಲ ಚೌಕಟ್ಟಿಗೆ ಮರದ ಗೂಟ. ಸಡಿಲವಾಯಿತೇ, ಸುತ್ತಿಗೆಯಲ್ಲಿ ಒಂದು ಪೆಟ್ಟು. ಬಿಚ್ಚಬೇಕೇ, ಹಿಂದಿನಿಂದ ಒಂದು ಪೆಟ್ಟು. ಪೆಟ್ಟಿನಲ್ಲಿ ಆಗುವ ಕೆಲಸಕ್ಕೆ ಸುತ್ತಿ ಸುತ್ತಿ ಕೈ ನೋಯಿಸಿಕೊಳ್ಳುವುದು ನಮ್ಮವರಿಗೆ ಸೋಮಾರಿಗಳ ಕೆಲಸವಾಗಿ ಕಂಡಿರಬೇಕು.

ಎಂಟನೇ ಕ್ಲಾಸಿಗೆ ಸರಳ ಯಂತ್ರಗಳ ಪಾಠ ಮಾಡುವಾಗ ನಾನೇ ಹೇಳುತ್ತಿದ್ದೆ: ಹಾಳೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಆ ತ್ರಿಕೋನವನ್ನು ಪೆನ್ಸಿಲಿಗೆ ಸುತ್ತಿ ನೋಡಿ, ಇಳಿಜಾರಿನ ಅಂಚು ಪೆನ್ಸಿಲಿನ ಸುತ್ತ ತಿರುಗುತ್ತ ಮೇಲೇರುತ್ತದೆ, ಅದೇ ತಿರುಪು. ಅಂದರೆ ಕಂಬಕ್ಕೆ ಸುತ್ತಿದ ಬೆಣೆ. ಬೆಣೆಯಲ್ಲೇ ಕೆಲಸ ಮುಗಿಯುವಾಗ ಅದನ್ನು ಕಂಬಕ್ಕೆ ಯಾಕೆ ಸುತ್ತಬೇಕು ಎಂದು ಯಾವ ಹುಡುಗನೂ ಆಗ ಕೇಳಲಿಲ್ಲ. ಆಚಾರ್ರು ನನ್ನ ಕ್ಲಾಸಿನಲ್ಲಿ ಇರಲಿಲ್ಲ, ಅದು ನನ್ನ ಪುಣ್ಯ.

ಮರದಲ್ಲಿ ತಿರುಪು ಕಡೆಯುವುದು ಈ ದೇಶಕ್ಕೇ ಗೊತ್ತಿರಲಿಲ್ಲ ಎಂದಲ್ಲ. ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಕೈರಾಟೆಯಲ್ಲಿ ಎರಡು ಉರುಳೆಗಳಿರುತ್ತವೆ. ಅವುಗಳ ತುದಿಯಲ್ಲಿ ಮರದಲ್ಲೇ ಕೊರೆದ ಸುರುಳಿ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡು, ಒಂದನ್ನು ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗುತ್ತದೆ. ಯಂತ್ರಗಳ ಚರಿತ್ರೆ ಬರೆಯುವವರು ಇದನ್ನು ಭಾರತದ ಜಾಣ್ಮೆಗೆ ಉದಾಹರಣೆಯಾಗಿ ಕೊಡುತ್ತಾರೆ. ದೇಶದ ಕೆಲವು ಕಡೆ ಕಬ್ಬಿನ ಮರದ ಗಾಣಕ್ಕೂ ಇಂಥದೇ ಸುತ್ತುಗಳಿದ್ದವು. ಆದರೆ ನಮ್ಮ ಕನ್ನಡ ಸೀಮೆಯ ಹಣೆಬರಹ ನೋಡಿ. ಧಾರವಾಡದ ಕಡೆ ಹತ್ತೊಂಬತ್ತನೇ ಶತಮಾನದಲ್ಲಿ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿಯಿಟ್ಟು, ಕಬ್ಬಿಣದ ಸರಳನ್ನು ಅಂಗಾಲಿನಿಂದ ಹೊರಳಿಸಿ ಬೀಜ ಬಿಡಿಸುತ್ತಿದ್ದರು. ಅಲ್ಲೂ ಕಾಲೇ! ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಕಂಡದ್ದನ್ನೆಲ್ಲ ಬರೆದುಕೊಂಡ ಬುಕಾನನ್ ಎಂಬಾತ ಇಲ್ಲಿ ಕಂಡ ಕಬ್ಬಿನ ಗಾಣವೊಂದೂ ಒರಳು, ಒನಕೆಯ ಜಾತಿಯದು. ಸುತ್ತು ಗಿತ್ತು ಏನೂ ಇಲ್ಲ. 1870ರ ದಶಕದಲ್ಲಿ ಬಿಹಾರದಿಂದ ಕಬ್ಬಿಣದ ಗಾಣ ಹೊರಟು ದೇಶದ ಉದ್ದಕ್ಕೂ ಹರಡಿದ ಮೇಲಂತೂ ಮರದ ಗಾಣಗಳು ಒಲೆ ಸೇರಿದವು. ಈಗ ನಮ್ಮ ಆಲೆಮನೆಗಳಲ್ಲಿ ಮೋಟಾರು ತಿರುಗಿ ಗಾಣ ಓಡುತ್ತದೆ, ಬೆಲ್ಲದ ರೇಟು ಮಾತ್ರ ತಿರುಗುವುದಿಲ್ಲ.

ಹೀಗೆ ನಾಡಿನ ಪರಂಪರೆಯೇ ಕೈಬಿಟ್ಟ ಮೇಲೆ ಹತಾರದ ಆಯ್ಕೆಯನ್ನು ಊರ ಮುಂದಿಡದೆ ವಿಧಿಯಿರಲಿಲ್ಲ. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರ ಊರಿದು. ಸಭೆ ಸೇರದೆ, ಎರಡು ಬಣವಾಗದೆ, ಒಬ್ಬರಾದರೂ ಎದ್ದುಹೋಗದೆ ಇಲ್ಲಿ ಯಾವ ವಿಷಯವೂ ಇತ್ಯರ್ಥವಾಗುವುದಿಲ್ಲ. ಟೀ ಅಂಗಡಿಯ ಮುಂದೆ ನನ್ನ ತಿರುಪಿನ ವಿಚಾರ ಚರ್ಚೆಗೆ ಬಂತು. ಮೊದಲಿಗೆ ಅಳತೆ.

ಎರಡು ಇಂಚು ದಪ್ಪದ ಕಂಬ, ಇಂಚಿಗೆ ಎರಡು ಸುತ್ತು. ಮರದ ವೈಸಿಗೆ ಇದು ಹಳೆಯ, ನಂಬಿಕೆಯ ಲೆಕ್ಕ. ಕಬ್ಬಿಣದ ವೈಸಿನಲ್ಲಾದರೆ ಇಂಚಿಗೆ ನಾಲ್ಕೈದು ಸುತ್ತು ಇರುತ್ತದೆ. ಮರಕ್ಕೆ ಅಷ್ಟು ಸಣ್ಣ ಸುತ್ತು ಆಗುವುದಿಲ್ಲ, ಎಳೆ ಅಡ್ಡಕ್ಕೆ ಕತ್ತರಿಸಿ ಹೋಗುವುದರಿಂದ ತೆಳುವಾದ ಅಂಚು ಉದುರುತ್ತದೆ. ಅದಕ್ಕೇ ಸುತ್ತಿನ ಕಣಿವೆಯನ್ನು 90 ಡಿಗ್ರಿಯಷ್ಟು ಅಗಲ ಬಾಯಿ ಬಿಡಿಸುತ್ತಾರೆ. ಅರ್ಧ ಇಂಚಿನ ಸುತ್ತಿಗೆ ಕಾಲಿಂಚು ಆಳ. ಒಂದು ಸಲ ಪೂರ್ತಿ ತಿರುಗಿಸಿದರೆ ದವಡೆ ಅರ್ಧ ಇಂಚು ಓಡುತ್ತದೆ, ಅಂದರೆ ಕೆಲಸವೂ ಬೇಗ. ಹತ್ತಿಂಚು ಉದ್ದದ ಹಿಡಿ ಹಾಕಿದರೆ ಕೈ ಒಂದು ಸುತ್ತಿಗೆ 63 ಇಂಚಿನಷ್ಟು ದಾರಿ ಸಾಗುತ್ತದೆ. ಆ ಹೊತ್ತಿಗೆ ದವಡೆ ಸರಿದದ್ದು ಅರ್ಧ ಇಂಚು. ಕೈಯ ಬಲ ಸುಮಾರು 125 ಪಟ್ಟಾಗಿ ಹೊರಡಬೇಕು.

‘ನೂರಿಪ್ಪತ್ತೈದು ಪಟ್ಟು ಬತ್ತದಾ ಮೇಷ್ಟ್ರೇ?’ ಎಂದು ಸಭೆಯಲ್ಲಿ ಒಬ್ಬರು ಆಸೆಯಿಂದ ಕೇಳಿದರು. ಬರುವುದಿಲ್ಲ. ಮುಕ್ಕಾಲು ಪಾಲು ಮರಕ್ಕೆ ಮರ ತಿಕ್ಕುವುದರಲ್ಲೇ ಹೋಗುತ್ತದೆ. ‘ಸರ್ಕಾರಿ ಯೋಜ್ನೆ ಅನ್ನಿ’ ಎಂದು ಅವರು ಸುಮ್ಮನಾದರು. ಆದರೆ ತಿಂದುಹಾಕುವ ಆ ತಿಕ್ಕಾಟದಿಂದಲೇ ತಿರುಪು ಬಿಗಿದ ಮೇಲೆ ತಾನಾಗಿ ಹಿಂದಕ್ಕೆ ಬಿಚ್ಚಿಕೊಳ್ಳುವುದಿಲ್ಲ ಎಂಬುದನ್ನು ಹೇಳಲು ನನಗೆ ಅವಕಾಶ ಸಿಗಲಿಲ್ಲ. ಅಷ್ಟರಲ್ಲಿ ಚರ್ಚೆ ವಿ.ಸಿ. ನಾಲೆಯ ನೀರಿಗೆ ಹೊರಳಿತ್ತು.

ಹತಾರದ ವಿಷಯಕ್ಕೆ ಬಂದಾಗ ಮೊದಲು ಮಾತಾಡಿದವನು ಮಿಷಿಗನ್ನಿನಲ್ಲಿರುವ ನನ್ನ ಭಾವಮೈದುನನ ಮಗ, ಫೋನಿನಲ್ಲಿ. ಅವನ ಮತ ಸ್ಕ್ರೂ ಬಾಕ್ಸ್. ಅದು ಎರಡು ಹೋಳಿನ ಮರದ ಪೆಟ್ಟಿಗೆ. ನಡುವೆ ತೂತು, ತೂತಿನ ಒಳಗೋಡೆಯಲ್ಲಿ ಸುತ್ತು, ಸುತ್ತಿನ ಬಾಯಲ್ಲಿ ಎರಡು ಅಂಚು ಕೂಡಿದ ಮೂಲೆಯಾಕಾರದ ಅಲಗು. ದುಂಡಗೆ ಕಡೆದ ಕಂಬವನ್ನು ಒಳಗೆ ಬಿಟ್ಟು ಪೆಟ್ಟಿಗೆ ತಿರುಗಿಸಿದರೆ, ಅಲಗು ಕಣಿವೆ ಕೊರೆಯುತ್ತ, ಕೊರೆದ ಕಣಿವೆ ಒಳಗೋಡೆಯ ಸುತ್ತಿಗೆ ಕಚ್ಚಿಕೊಂಡು ತನ್ನನ್ನು ತಾನೇ ಮುಂದೆಳೆದುಕೊಳ್ಳುತ್ತದೆ. ಒಳ್ಳೆಯ ಯೋಚನೆ. ತಾಪತ್ರಯ ಇರುವುದು ಅಲಗಿನಲ್ಲಿ. ಅದರ ತುದಿ ಸುತ್ತಿನ ಆರಂಭಕ್ಕೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರಬೇಕು, ಕ್ಷೌರದ ಕತ್ತಿಯಷ್ಟು ಹರಿತವಿರಬೇಕು. ಇಲ್ಲದಿದ್ದರೆ ಸುತ್ತಿನ ನೆತ್ತಿಯೆಲ್ಲ ಹಲ್ಲುಬ್ಬಾಗಿ ಕಿತ್ತು ಬರುತ್ತದೆ. ಸಾಲದ್ದಕ್ಕೆ ಸುಲಭವಾಗಿ ಸಿಗುವ ಸ್ಕ್ರೂ ಬಾಕ್ಸುಗಳೆಲ್ಲ ಒಂದಿಂಚು, ಒಂದೂವರೆ ಇಂಚಿನವು. ಎರಡಿಂಚಿನದು ಸಿಗುವುದು ಅಪರೂಪ, ಸಿಕ್ಕರೆ ಬೆಲೆ ಹೆಚ್ಚು. ಜೊತೆಗೆ ತಿರುಪಿನ ಹೆಣ್ಣುಭಾಗವನ್ನು, ಅಂದರೆ ನಟ್ಟನ್ನು, ಕೊರೆಯುವ ಉಕ್ಕಿನ ಟ್ಯಾಪನ್ನೂ ಕೊಳ್ಳಬೇಕು. ‘ಅಂಕಲ್, ನಾನು ಬರುವಾಗ ಲಗೇಜಿನಲ್ಲಿ ತರುತ್ತೇನೆ’ ಎಂದ. ಅವನು ಬರುವುದು ಅವನ ತಂಗಿಯ ಮದುವೆಗೆ. ಅವಳಿಗಿನ್ನೂ ಗಂಡು ಗೊತ್ತಾಗಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಮಗನ ಮತ ರೂಟರ್. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತಿರುಗುವ ಕರೆಂಟಿನ ಹತಾರ, ಎಸ್.ಜೆ.ಪಿ. ರಸ್ತೆಯಲ್ಲಿ ಸಾಲುಸಾಲು ಅಂಗಡಿಗಳಲ್ಲಿ ಸಿಗುತ್ತದಂತೆ. ಸುತ್ತಿರುವ ನಟ್ಟಿನ ಮೇಲೆ ರೂಟರನ್ನು ಕೂರಿಸಿ, ಅದರ ಮೊನೆ ತೂತಿನೊಳಗೆ ಇಣುಕುವಂತೆ ಮಾಡಿ, ಕಂಬವನ್ನು ತಿರುಗಿಸುತ್ತ ಒಳಗೆ ಬಿಟ್ಟರೆ ಕ್ಷಣದಲ್ಲಿ ಚೊಕ್ಕ ತಿರುಪು. ‘ಸುತ್ತಿರುವ ನಟ್ಟು’ ಎಂದನಲ್ಲ, ಆ ನಟ್ಟು ಎಲ್ಲಿಂದ ಬರಬೇಕು? ತಿರುಪು ಮಾಡಲು ನಟ್ಟು ಮೊದಲು ಬೇಕು, ನಟ್ಟು ಮಾಡಲು ಸುತ್ತಿರುವ ಟ್ಯಾಪು ಮೊದಲು ಬೇಕು. ‘ಅಪ್ಪಾ, ಅದನ್ನ ಆನ್‌ಲೈನಲ್ಲಿ ತರಿಸಬಹುದು’ ಎಂದ. ಈ ಕಾಲದ ಮಕ್ಕಳಿಗೆ ಬೀಜ ಮೊದಲೋ ಮರ ಮೊದಲೋ ಎಂದು ಕೇಳಿದರೂ ಇದೇ ಉತ್ತರ ಬರುತ್ತದೆ. ರೂಟರ್ ಸಿಂಗಲ್ ಫೇಸಿನಲ್ಲಿ ಓಡುತ್ತದೆ, ಪಂಪ್‌ಸೆಟ್ಟಿನ ಹಾಗೆ ತ್ರೀ ಫೇಸಿಗೆ ರಾತ್ರಿಯೆಲ್ಲ ಕಾಯಬೇಕಿಲ್ಲ, ಅದೊಂದು ಸಮಾಧಾನ. ಆದರೆ ಆ ಕಿರುಚಾಟ! ನಿವೃತ್ತನಾದವನು ಸದ್ದಿಲ್ಲದ ಹವ್ಯಾಸ ಇಟ್ಟುಕೊಳ್ಳುವುದು ಅಕ್ಕಪಕ್ಕದವರಿಗೂ ತನಗೂ ಕ್ಷೇಮ.

ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ನನ್ನ ಷಡ್ಡಕರಿಗೆ ಮರ ಎಂದರೇ ಮೂಗು ಮುರಿಯುವ ಸ್ವಭಾವ. ‘ಮರ ಮಳೇಲಿ ಊದ್ಕೋತದೆ, ಬಿಸ್ಲಲ್ಲಿ ಸೊರಗ್ತದೆ. ಅದ್ಕೆ ಥ್ರೆಡ್ ಹಾಕ್ತೀನಿ ಅಂತೀರಲ್ಲ ಭಾವ!’ ಎಂದು ಮರುಗಿದರು. ಥ್ರೆಡ್ಡು ಅಂದರೆ ಅದು ಕಬ್ಬಿಣದ್ದೇ, ಅದಕ್ಕೂ ಒಂದು ಶಿಸ್ತಿರಬೇಕು ಎಂದು 1841ರಲ್ಲಿ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು ಗೊತ್ತುಮಾಡಿದ 55 ಡಿಗ್ರಿಯ ಲೆಕ್ಕವನ್ನು ವೇದದಂತೆ ಒಪ್ಪಿಸಿದರು. ಅವರ ಸಲಹೆ ಸೆಂಟ್ರಿಂಗ್ ಜಾಕ್. ಮೋಲ್ಡಿಂಗ್ ಹಾಕುವಾಗ ಕೆಳಗೆ ಆನಿಕೆ ಕೊಡುತ್ತಾರಲ್ಲ, ದಪ್ಪ ಸುತ್ತಿನ ಕಬ್ಬಿಣದ ತಿರುಪು, ಅದು. ಹಳೆಯದನ್ನು ಗುಜರಿಯವನ ಹತ್ತಿರ ತೂಕಕ್ಕೆ ತಂದು, ನಟ್ಟನ್ನು ಬೆಂಚಿಗೆ ಬಿಗಿದರೆ ಸಂಜೆಯೊಳಗೆ ವೈಸ್ ಸಿದ್ಧ. ನಿಜ ಹೇಳಬೇಕೆಂದರೆ ಇಡೀ ಸಭೆಯಲ್ಲಿ ಬುದ್ಧಿವಂತ ಮಾತು ಇದೊಂದೇ. ಅದಕ್ಕೇ ನಾನು ಅದನ್ನು ಒಪ್ಪಲಿಲ್ಲ. ಕಬ್ಬಿಣದ ತಿರುಪಿಗೆ ಉಳಿ ತಾಕಿದರೆ ಉಳಿಯ ಬಾಯಿ ಹೋಗುತ್ತದೆ, ಗ್ರೀಸು ಹಲಗೆಗೆ ಹತ್ತುತ್ತದೆ ಎಂದೆಲ್ಲ ಕಾರಣ ಕೊಟ್ಟೆ. ಷಡ್ಡಕರು ಎದ್ದುಹೋದರು. ಸಭೆ ಶಾಸ್ತ್ರೋಕ್ತವಾಯಿತು.

ಉಳಿದವರು ಆಚಾರ್ರು. ಅಷ್ಟೂ ಹೊತ್ತು ಬಾಯಿ ಬಿಡದೆ ಕೂತಿದ್ದವರು ಕೇಳಿದರು: ‘ಎಷ್ಟ್ ವೈಸ್ ಮಾಡ್ತೀರ ಸಾ?’

‘ಒಂದೇ.’

‘ಒಂದ್ಕೆ ಒಸಾ ಹತಾರ ಯಾಕ್ ಬುಡಿ. ಗರಗಸ ಐತೆ, ಉಳಿ ಐತೆ, ಅರ ಐತೆ. ಗೆರೆ ನೀವ್ ಹಾಕ್ಕೊಡಿ, ಕೊರ್ಯೋದ್ ನಾನ್ ನೋಡ್ಕತೀನಿ.’

ಇದರಲ್ಲಿ ಎಷ್ಟು ಶಾಸ್ತ್ರವಿದೆ ಎಂಬುದು ನನಗೆ ಆಮೇಲೆ ಲೆಕ್ಕ ಹಾಕುತ್ತ ಕೂತಾಗ ತಿಳಿಯಿತು. ಎರಡಿಂಚು ದಪ್ಪದ ಕಂಬದ ಸುತ್ತಳತೆ ಆರೂಕಾಲು ಇಂಚಿಗೆ ಒಂದಿಷ್ಟು ಹೆಚ್ಚು. ಅಷ್ಟಗಲದ ಹಾಳೆಯ ಮೇಲೆ ಎಡ ಅಂಚಿನಿಂದ ಬಲ ಅಂಚಿಗೆ ಅರ್ಧ ಇಂಚು ಏರುವಂತೆ ಓರೆ ಗೆರೆಗಳನ್ನು ಒಂದರ ಮೇಲೊಂದು ಎಳೆದು, ಹಾಳೆಯನ್ನು ಕಂಬಕ್ಕೆ ಸುತ್ತಿ ಅಂಟಿಸಿದರೆ, ಒಂದು ಗೆರೆಯ ಕೊನೆ ಮೇಲಿನ ಗೆರೆಯ ಮೊದಲಿಗೆ ಬಂದು ಕೂಡುತ್ತದೆ. ತುದಿಯಿಂದ ತುದಿಗೆ ಒಂದೇ ಸುರುಳಿ. ಆ ಗೆರೆಯ ಮೇಲೆ ಗರಗಸವಿಟ್ಟು, ಕಾಲಿಂಚಿಗಿಂತ ಆಳ ಇಳಿಯದಂತೆ ಗರಗಸದ ಮಗ್ಗುಲಿಗೆ ಒಂದು ರೀಪು ಕಟ್ಟಿ, ಕಂಬವನ್ನು ತಿರುಗಿಸುತ್ತ ಕೊಯ್ಯಬೇಕು. ಅದು ಕಣಿವೆಯ ತಳ. ಆಮೇಲೆ ಎರಡೂ ಕಡೆಯಿಂದ ಉಳಿಯಲ್ಲಿ ಇಳಿಜಾರು ತೆಗೆದು, ಅರದಲ್ಲಿ ನುಣುಪು ಮಾಡುವುದು. ಸುತ್ತಿನ ನೆತ್ತಿಯನ್ನು ಚೂಪಾಗಿ ಬಿಡದೆ ಸ್ವಲ್ಪ ಚಪ್ಪಟೆ ಇಟ್ಟರೆ ಮುಂದೆ ಮುರಿಯುವುದಿಲ್ಲ. ನನ್ನ ಹತ್ತಿರವಿದ್ದ ಗ್ರಾಫ್ ಹಾಳೆ ಸೆಂಟಿಮೀಟರಿನದು, ಆಚಾರ್ರು ಇಂಚಿನವರು. ಈ ಸಂಧಾನಕ್ಕೆ ಒಂದು ಮಧ್ಯಾಹ್ನ ಹೋಯಿತು.

ನಿಜವಾದ ಹತಾರ ಬೇಕಾಗುವುದು ನಟ್ಟಿಗೆ. ತೂತಿನ ಒಳಗೆ ಗರಗಸ ಹೋಗುವುದಿಲ್ಲ, ಉಳಿ ಹೋದರೂ ಕಣ್ಣು ಹೋಗುವುದಿಲ್ಲ. ಇದಕ್ಕೆ ಉಪಾಯ ಹೊಸದೇನಲ್ಲ. ಹೆಚ್ಚುಕಡಿಮೆ ಎರಡು ಸಾವಿರ ವರ್ಷದ ಹಿಂದೆಯೇ ಅಲೆಕ್ಸಾಂಡ್ರಿಯದ ಹೀರೋ ಎಂಬ ಗ್ರೀಕ್ ಪಂಡಿತ, ಎಣ್ಣೆ ತೆಗೆಯುವ ಒತ್ತುಯಂತ್ರದ ನಟ್ಟಿನಲ್ಲಿ ಸುತ್ತು ಕೊರೆಯುವ ಹತಾರವನ್ನು ವಿವರಿಸಿದ್ದಾನೆ. ಈಗಲೂ ಮನೆಯಲ್ಲೇ ಮಾಡಿಕೊಳ್ಳುವವರು ಅನುಸರಿಸುವ ದಾರಿ ಇದು: ಒಂದೂವರೆ ಇಂಚಿನ ದುಂಡು ಕೋಲಿನ ಮೇಲೆ ಅದೇ ಅರ್ಧ ಇಂಚು ಏರುವ ಸುರುಳಿ ಗೆರೆ ಎಳೆದು ಗರಗಸದಲ್ಲಿ ತೆಳುವಾಗಿ ಸೀಳಬೇಕು. ಆ ಕೋಲು ಹಾದುಹೋಗುವ ತೂತಿರುವ ಒಂದು ತುಂಡಿಗೆ ತೆಳು ತಗಡನ್ನು ಆರು ಡಿಗ್ರಿಯಷ್ಟು ಓರೆಯಾಗಿ ನೆಟ್ಟು, ತಗಡಿನ ಅಂಚು ಸೀಳಿನೊಳಗೆ ಕೂರುವಂತೆ ಮಾಡಬೇಕು. ಈಗ ಕೋಲು ತಿರುಗಿಸಿದರೆ, ಬೇಡವೆಂದರೂ ಅದು ಸುತ್ತಿಗೆ ಅರ್ಧ ಇಂಚು ಮುಂದೆ ಹೋಗಲೇಬೇಕು. ಕೋಲಿನ ತುದಿಯ ಹತ್ತಿರ ಒಂದು ಸಣ್ಣ ಕಿಂಡಿ ಮಾಡಿ, ಅದರಲ್ಲಿ ಒಂದೇ ಒಂದು ಉಕ್ಕಿನ ಹಲ್ಲು. ಹಲ್ಲನ್ನು ಮೊದಲು ಒಂದಿಷ್ಟೇ ಹೊರಗೆ ಇಟ್ಟು ಒಮ್ಮೆ ಕೊರೆದು, ಹೊರಗೆ ತೆಗೆದು, ಹಲ್ಲಿನ ಬೆನ್ನಿಗೆ ಒಂದು ಕಾಗದದ ಚೂರು ಸೇರಿಸಿ ಮತ್ತೆ ಕೊರೆದು, ಹೀಗೆ ಕಾಲಿಂಚು ಆಳ ಮುಟ್ಟುವ ತನಕ.

ಆ ಹಲ್ಲನ್ನು ಕಿಂಡಿಯಲ್ಲಿ ಬಿಗಿಯುವುದು ಹೇಗೆ ಅಂತೀರಿ? ಬೆಣೆ ಹೊಡೆದು. ಇದನ್ನು ಕೇಳಿದಾಗ ಆಚಾರ್ರ ಮುಖದಲ್ಲಿ ಕಂಡ ತೃಪ್ತಿಯನ್ನು ನಾನು ಬೇರೆ ಯಾವ ಸಂದರ್ಭದಲ್ಲೂ ಕಂಡಿಲ್ಲ.

ಹಲ್ಲಿಗೆ ಹಳೆಯ ಅರವೇ ಆದೀತು. ಅರದ ಉಕ್ಕು ಒಳ್ಳೆಯ ಉಕ್ಕು. ಕುಲುಮೆಯಲ್ಲಿ ಕಾಯಿಸಿ, ಮೆತ್ತಗೆ ಮಾಡಿ, ತುಂಡು ಕತ್ತರಿಸಿ, ಬಾಯಿಯನ್ನು 90 ಡಿಗ್ರಿಗೆ ಉಜ್ಜಿ, ಮತ್ತೆ ಕಾಯಿಸಿ ಹದ ಹಾಕಿದರೆ ಮುಗಿಯಿತು. ನಮ್ಮ ಸುತ್ತಮುತ್ತ ಕುಲುಮೆಗಳು ಕಡಿಮೆಯಾಗಿವೆ, ಪೂರ್ತಿ ಆರಿಲ್ಲ. ಕುಡುಗೋಲು ಹಣಿಸಲು ಈಗಲೂ ಜನ ಹೋಗುತ್ತಾರೆ.

ಮರದ ವಿಚಾರದಲ್ಲಿ ಮಾತ್ರ ಆಚಾರ್ರಿಗೂ ನನಗೂ ಹೊಂದಲಿಲ್ಲ. ನಾನು ತೇಗ ಎಂದೆ, ಮರ್ಯಾದೆಯ ಮರ ಎಂದು. ಅವರು ಕೈಯಾಡಿಸಿಬಿಟ್ಟರು. ತೇಗದ ಎಳೆ ಒರಟು, ಸೀಳಿಕೊಂಡು ಓಡುತ್ತದೆ, ಬಾಗಿಲಿಗೆ ಚೆಂದ, ಸುತ್ತಿಗೆ ಅಲ್ಲ ಎಂಬುದು ಅವರ ವಾದ. ಫರಂಗಿಯವರು ತಿರುಪಿಗೆ ಎಳೆ ಒತ್ತಾದ ಗಟ್ಟಿ ಮರಗಳನ್ನು, ಮೇಪಲ್, ಹಾರ್ನ್‌ಬೀಮ್, ಎಲ್ಮ್, ಬಳಸುತ್ತಾರೆ. ಅವು ನಮ್ಮ ಕಾವೇರಿ ಬಯಲಿನಲ್ಲೂ ಇಲ್ಲ, ಮೇಲುಕೋಟೆ ಬೆಟ್ಟದಲ್ಲೂ ಇಲ್ಲ. ನಮ್ಮಲ್ಲಿ ಅಂಥವು ಅಂದರೆ ಗಾಡಿಯ ಗುಂಬ, ಅರೆಗಳಿಗೆ ಹಾಕುವ ಕರಿಜಾಲಿ, ಅಚ್ಚಿಗೆ ಹಾಕುವ ದಿಂಡಿಗ, ಗಾಣಕ್ಕೂ ಕೊಡತಿಗೂ ಹೆಸರಾದ ಹುಣಸೆ. ಆಚಾರ್ರ ಓಟು ಹುಣಸೆಯ ಚೇಗಿಗೆ. ಗಾಣದಲ್ಲಿ ಎತ್ತಿನ ಬಲ ತಡೆದ ಮರ ಮೇಷ್ಟ್ರ ಬಲ ತಡೆಯುವುದಿಲ್ಲವೇ ಎಂದು ಅವರ ಲೆಕ್ಕಾಚಾರ. ಹುಣಸೆ ಮರದಲ್ಲಿ ದೆವ್ವ ಇರುತ್ತದೆ ಎಂದು ನಮ್ಮ ಮನೆಯವಳು ಅಡಿಗೆಮನೆಯಿಂದಲೇ ಆಕ್ಷೇಪ ಎತ್ತಿದಳು. ‘ಗಟ್ಯಾಗ್ ಹಿಡ್ಕೊಳ್ಳೋದ್ ಅದ್ಕೆ ಚೆನ್ನಾಗ್ ಗೊತ್ತು ಬುಡಿ ತಾಯಿ’ ಎಂದರು ಆಚಾರ್ರು.

ಯಾವ ಮರವಾದರೂ ಒಣಗಿರಬೇಕು, ಇದರಲ್ಲಿ ರಾಜಿಯಿಲ್ಲ. ಮರ ಒಣಗುವಾಗ ವಯಸ್ಸಿನ ಉಂಗುರದ ಗುಂಟ ಕುಗ್ಗುವುದು, ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಹಸಿ ಕಂಬವನ್ನು ದುಂಡಗೆ ಕಡೆದಿಟ್ಟರೆ ಬೇಸಗೆ ಕಳೆಯುವಷ್ಟರಲ್ಲಿ ಅದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಮೊಟ್ಟೆಯಾಕಾರದ ತಿರುಪು ದುಂಡು ನಟ್ಟಿನಲ್ಲಿ ಅರ್ಧ ಸುತ್ತು ಹೋಗಿ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಊದಿಕೊಳ್ಳುವುದಕ್ಕೆ ಷಡ್ಡಕರು ಹೇಳಿದ್ದು ನಿಜ, ಅದಕ್ಕೆ ತಿರುಪನ್ನು ನಟ್ಟಿನಲ್ಲಿ ಒಂದಿಷ್ಟು ಸಡಿಲವಾಗಿಯೇ ಬಿಡಬೇಕು. ಕೊರೆಯುವ ಮುಂಚೆ ಕಂಬಕ್ಕೆ ಅಗಸೆ ಎಣ್ಣೆ ಕುಡಿಸಿದರೆ ಎಳೆ ಮೆತ್ತಗಾಗಿ ಚಕ್ಕೆ ಏಳುವುದಿಲ್ಲ. ಮುಗಿದ ಮೇಲೆ ಜಾರಲು ಜೇನುಮೇಣವೋ ಮೇಣದಬತ್ತಿಯೋ ಸಾಕು. ಗಾಡಿಯ ಕೀಲೆಣ್ಣೆ ಸವರೋಣ ಎಂದ ಆಚಾರ್ರ ಸೂಚನೆಯನ್ನು ಮಾತ್ರ ತಳ್ಳಿಹಾಕಿದ್ದೇನೆ. ಕೊಟ್ಟಿಗೆಗೆ ಹೋಗಿಬಂದು ಬಿಳಿ ಪಂಚೆಯಲ್ಲಿ ಊಟಕ್ಕೆ ಕೂರುವ ಆಸೆ ನನಗಿನ್ನೂ ಇದೆ.

ಇಷ್ಟೆಲ್ಲ ತೀರ್ಮಾನವಾಗಿ, ಹಾಳೆಯ ಮೇಲೆ ಗೆರೆಯೂ ಬಿದ್ದ ಮೇಲೆ, ಮನೆಯವಳು ಕಾಫಿ ಲೋಟ ಇಡುತ್ತ ಒಂದು ಮಾತು ಕೇಳಿದಳು. ‘ರೀ, ಆ ಕಂಬಕ್ಕೆ ಗರಗಸ ಹಾಕುವಾಗ ಅದು ಅಲ್ಲಾಡದ ಹಾಗೆ ಹಿಡ್ಕೊಳ್ಳೋದು ಯಾವುದು?’

ವೈಸ್. ವೈಸಿನ ತಿರುಪು ಕೊರೆಯಲು ವೈಸ್ ಬೇಕು. ರೂಬೋ ಈ ಕುರಿತು ಏನು ಹೇಳುತ್ತಾನೋ ಎಂದು ನಾನು ಯೋಚಿಸುವಷ್ಟರಲ್ಲಿ, ಆಚಾರ್ರು ಚಪ್ಪಲಿ ಕಳಚಿ ಎಡಗಾಲು ಮುಂದೆ ಚಾಚಿ, ಬೆರಳಾಡಿಸಿ ತೋರಿಸಿದರು.

ಆದ್ದರಿಂದ ನನ್ನ ಹಾಗೆ ಮಂಡಿ ಹೋಗಿ, ಹಟ ಉಳಿದುಕೊಂಡಿರುವ ಓದುಗರಿಗೆ ಒಂದು ಮಾತು. ಒಂದೇ ವೈಸ್ ಮಾಡುವವರು ಸ್ಕ್ರೂ ಬಾಕ್ಸಿಗೂ ರೂಟರಿಗೂ ದುಡ್ಡು ಹಾಕಬೇಡಿ. ತಿರುಪಿಗೆ ಗರಗಸ, ಉಳಿ, ಅರ ಸಾಕು, ನಟ್ಟಿಗೆ ಒಂದು ಹಲ್ಲಿನ ಕೋಲನ್ನು ಮನೆಯಲ್ಲೇ ಮಾಡಿಕೊಳ್ಳಿ. ಹತ್ತಾರು ವೈಸ್ ಮಾಡಿ ಮಾರುವ ಯೋಚನೆ ಇರುವವರು ಸ್ಕ್ರೂ ಬಾಕ್ಸ್ ಕೊಳ್ಳಬಹುದು, ಅಲಗು ಮಸೆಯುವುದನ್ನು ಮೊದಲು ಕಲಿತು ಆಮೇಲೆ. ನಾಳೆಯೇ ವೈಸ್ ಬೇಕೆನ್ನುವವರು ನನ್ನ ಷಡ್ಡಕರ ಮಾತು ಕೇಳಿ, ಅವರಿಗೆ ಹೇಳಬೇಡಿ. ಮತ್ತೆ, ಮೂರಿಂಚು ದಪ್ಪ, ಎರಡಡಿ ಉದ್ದದ, ಬಿರುಕಿಲ್ಲದೆ ಚೆನ್ನಾಗಿ ಒಣಗಿದ ಹುಣಸೆಯ ಚೇಗು ನಿಮ್ಮ ಕೊಟ್ಟಿಗೆಯ ಅಟ್ಟದಲ್ಲೇನಾದರೂ ಬಿದ್ದಿದ್ದರೆ ಒಲೆಗೆ ಹಾಕದೆ ಕ್ಯಾತನಹಳ್ಳಿಗೆ ಹೇಳಿಕಳಿಸಿ. ಕೇಳಿದ ಬೆಲೆ ಕೊಟ್ಟು, ಗಾಡಿ ಬಾಡಿಗೆ ನಾನೇ ಹಾಕಿ ತರಿಸಿಕೊಳ್ಳುತ್ತೇನೆ.